ವಿಲಕ್ಷಣ ಬೈಸಿಕಲ್ ಚೌಕಟ್ಟುಗಳ ಗುಣದೋಷ ವಿಚಾರ

ಬೈಸಿಕಲ್ಲಿನ ಬಾರಿನ ಮೇಲೆ ಕಾಲೆತ್ತಿ ಹಾಕಲಾರದ ವಯಸ್ಸಿನಲ್ಲಿ, ಅದರ ಕೆಳಗಿನ ಸಂದಿಯೊಳಗೆ ಕಾಲು ತೂರಿಸಿ ಪೆಡಲು ತುಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಆ ಸಂದಿಯ ಆಕಾರವೇ ಬೈಸಿಕಲ್ಲಿನ ಆಕಾರವೆಂಬ ಭಾವನೆ ಅಂದಿನಿಂದಲೇ ನಮ್ಮ ಮನಸ್ಸಿನಲ್ಲಿ ನೆಲೆಗೊಂಡಿರುವುದು ಸಹಜ. ಆದುದರಿಂದಲೇ ಬಾರಿಲ್ಲದ ಬೈಸಿಕಲ್ಲನ್ನೋ, ಕೊಳವೆಗಳು ಬಳುಕಿದ ಬೈಸಿಕಲ್ಲನ್ನೋ, ಒರಗಿ ಕುಳಿತು ನಡೆಸತಕ್ಕ ಬೈಸಿಕಲ್ಲನ್ನೋ ಕಂಡಾಗ ನೋಟಕರು ಕೂಡಲೇ ಎರಡು ಪಕ್ಷವಾಗುತ್ತಾರೆ. ಒಂದು ಪಕ್ಷವು ಅದರ ಅಂದಕ್ಕೆ ಮರುಳಾಗುತ್ತದೆ; ಮತ್ತೊಂದು ಪಕ್ಷವು ಅದನ್ನು ಬರಿಯ ಪ್ರದರ್ಶನದ ವಸ್ತುವೆಂದು ತಳ್ಳಿಹಾಕುತ್ತದೆ. ಬೈಸಿಕಲ್ ಪ್ರಿಯರ ನಡುವೆ ಈ ವಾದವು ಒಂದು ಶತಮಾನಕ್ಕೂ ಮಿಗಿಲಾಗಿ ನಡೆದುಬಂದಿದೆ.

ಈ ವಾದದ ಕೆಲವು ಪ್ರಸಿದ್ಧ ನಿದರ್ಶನಗಳನ್ನು ಯಂತ್ರಶಾಸ್ತ್ರದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೊರರೂಪವನ್ನು ನೋಡಿ ತೀರ್ಪು ಕೊಡುವುದು ಸಲ್ಲದೆಂದು ನಮ್ಮ ಅಭಿಪ್ರಾಯ. ಒಂದು ಚೌಕಟ್ಟು ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತೆಂಬುದನ್ನು ಮೊದಲು ತಿಳಿದು, ಅನಂತರ ಆ ಉತ್ತರವನ್ನು ಅಳೆದು ನೋಡಬೇಕು.

1. ಪರಿಚಿತ ರೂಪ

ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತನು 1885ರಲ್ಲಿ ರೋವರ್ ಎಂಬ ಬೈಸಿಕಲ್ಲನ್ನು ಹೊರತಂದನು. ಎತ್ತರವಾದ ಮುಂಗಾಲಿಯ ಹಳೆಯ ಬೈಸಿಕಲ್ಲಿನಿಂದ ಬಿದ್ದು ಪೆಟ್ಟುಮಾಡಿಕೊಳ್ಳುವ ಭಯವನ್ನು ಇದು ನೀಗಿಸಿತು. ಪೆಡಲಿನ ಬಲವನ್ನು ಚೈನಿನ ಮೂಲಕ ಹಿಂಗಾಲಿಗೆ ಒಯ್ದಿತು. ಮುಂದಿನ ಕೆಲವೇ ವರ್ಷಗಳಲ್ಲಿ ಇದರ ಚೌಕಟ್ಟು ತಿದ್ದುಪಡಿ ಹೊಂದಿ ಇಂದು ನಾವು ಕಾಣುವ ವಜ್ರಾಕೃತಿಗೆ ಬಂದು ನಿಂತಿತು.

ಈ ಆಕೃತಿಯ ಬಲವೆಲ್ಲ ತ್ರಿಕೋಣದಲ್ಲಿದೆ. ಮೂರು ಕೋಲುಗಳನ್ನು ತುದಿಯಲ್ಲಿ ಜೋಡಿಸಿದರೆ, ಕೋಲಿನ ಉದ್ದ ಬದಲಾಗದ ಹೊರತು ಅದರ ಆಕಾರ ಬದಲಾಗದು. ನಾಲ್ಕು ಕೋಲುಗಳ ಚೌಕವಾದರೋ, ಕೀಲುಗಳು ಬಿಗಿಯಾಗಿಲ್ಲದಿದ್ದರೆ ವಾಲಿಕೊಳ್ಳುತ್ತದೆ. ತ್ರಿಕೋಣದಲ್ಲಿ ಪ್ರತಿಯೊಂದು ಕೊಳವೆಯೂ ಬಹುಮಟ್ಟಿಗೆ ತನ್ನ ಉದ್ದದ ದಿಕ್ಕಿನಲ್ಲಿಯೇ ಎಳೆತವನ್ನೋ ಒತ್ತಡವನ್ನೋ ತಾಳುವುದರಿಂದ, ಕಡಮೆ ಲೋಹದಿಂದ ಹೆಚ್ಚು ಬಿಗಿತವನ್ನು ಪಡೆಯಬಹುದು. ಹಿಂಗಾಲಿಯ ಎರಡು ಬದಿಗಳಲ್ಲಿರುವುವು ನಿಜವಾದ ತ್ರಿಕೋಣಗಳು. ಆದರೆ ಮುಂಭಾಗವು ತ್ರಿಕೋಣದಂತೆ ಕಂಡರೂ ವಾಸ್ತವದಲ್ಲಿ ಚತುಷ್ಕೋಣ. ಹ್ಯಾಂಡಲು ತಿರುಗುವ ತಲೆಗೊಳವೆಯೇ ಅದರ ನಾಲ್ಕನೆಯ ಭುಜ. ಸವಾರನು ಎತ್ತರವಾದಷ್ಟೂ ಈ ಭುಜವು ಉದ್ದವಾಗಿ, ಮುಂಭಾಗವು ತ್ರಿಕೋಣದಿಂದ ಅಷ್ಟಷ್ಟು ದೂರ ಸರಿಯುತ್ತದೆ. ಹೀಗಿರಲು, ಪರಿಚಿತ ರೂಪವೂ ನಿರ್ದೋಷವಾದುದಲ್ಲವೆಂಬುದನ್ನು ವಾಚಕರು ಗಮನಿಸಬೇಕು.

2. ಪೆಡರ್ಸನ್ನನ ತೂಗುವ ಆಸನ

ಮಿಕಾಯಲ್ ಪೆಡರ್ಸನ್ ಎಂಬ ಡೇನಿಷ್ ಆವಿಷ್ಕಾರಕನು ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನಲ್ಲಿ ನೆಲಸಿ, 1893ರಲ್ಲಿ ಒಂದು ವಿಚಿತ್ರವಾದ ಬೈಸಿಕಲ್ಲಿಗೆ ಪೇಟೆಂಟು ಪಡೆದನು. ಇದರಲ್ಲಿ ದಪ್ಪ ಕೊಳವೆಗಳೇ ಇಲ್ಲ. ಸಪೂರವಾದ ಕೊಳವೆಗಳು ಜೋಡಿಜೋಡಿಯಾಗಿ ಸಾಗಿ, ಹಲವು ಕಿರುತ್ರಿಕೋಣಗಳಾಗಿ ಕೂಡಿ, ಉಕ್ಕಿನ ಸೇತುವೆಯೊಂದನ್ನು ನೆನಪಿಗೆ ತರುತ್ತವೆ. ಇದನ್ನು ಕಂಡವರು ಮೊದಲು ಮೆಚ್ಚುವುದು ಈ ಹೆಣಿಗೆಯನ್ನು. ಆದರೆ ಪೆಡರ್ಸನ್ನನು ಹೊರಟದ್ದು ಚೌಕಟ್ಟಿನಿಂದಲ್ಲ, ಆಸನದಿಂದ. ಅಂದಿನ ಗಡುಸಾದ ಸೀಟಿನಿಂದ ಬೇಸತ್ತ ಆತನು, ದಾರಗಳನ್ನು ನೇಯ್ದು ತೂಗುಮಂಚದಂಥ ಆಸನವೊಂದನ್ನು ಕಲ್ಪಿಸಿ, ಅದನ್ನು ಕಟ್ಟಲು ತಕ್ಕ ಚೌಕಟ್ಟನ್ನು ಅನಂತರ ರಚಿಸಿದನು.

ಈ ಕ್ರಮವನ್ನು ತಿಳಿದೊಡನೆ ಚೌಕಟ್ಟಿನ ಅರ್ಥ ಸ್ಪಷ್ಟವಾಗುತ್ತದೆ. ಎರಡು ತುದಿಗಳಿಂದ ತೂಗುವ ಆಸನವು ಸವಾರನ ಭಾರದಿಂದ ಎರಡು ಕಡೆಗೂ 15 ಅಂಶಗಳಷ್ಟು ಇಳಿಬಿದ್ದಿತೆಂದು ಎಣಿಸೋಣ. ಆಗ ದಾರಗಳಲ್ಲಿ ಉಂಟಾಗುವ ಎಳೆತವು ಭಾರದ ಅರ್ಧವಲ್ಲ, ಹೆಚ್ಚುಕಡಮೆ ಅದರ ಎರಡು ಪಾಲು. ಆಸನವು ಬಿಗಿಯಾದಷ್ಟೂ ಈ ಎಳೆತ ಏರುತ್ತದೆ. ಚೌಕಟ್ಟಿನ ಮುಂತುದಿ ಹಿಂತುದಿಗಳನ್ನು ಒಂದರ ಕಡೆಗೊಂದು ಸೆಳೆಯುವ ಈ ಬಲವನ್ನು ತಡೆಯುವುದಕ್ಕೆ ಸೇತುವೆಯ ಹೆಣಿಗೆ ಅವಶ್ಯವಾಯಿತು. ಅದು ಅಲಂಕಾರವಲ್ಲ, ಆಸನದ ಬೆಲೆಯನ್ನು ತೆರುವ ಉಪಾಯ.

ಆಕ್ಷೇಪಿಸುವವರ ಮಾತಿನಲ್ಲಿಯೂ ಹುರುಳಿಲ್ಲದೆ ಇಲ್ಲ. ಕೀಲುಗಳು ಹೆಚ್ಚಾದಷ್ಟೂ ಬೆಸುಗೆಯ ಶ್ರಮವೂ ವೆಚ್ಚವೂ ಹೆಚ್ಚು. ಆಸನದ ತುದಿಗಳು ಚೌಕಟ್ಟಿಗೇ ಕಟ್ಟಲ್ಪಟ್ಟಿರುವುದರಿಂದ ಸಾಮಾನ್ಯ ಸೀಟಿನಂತೆ ಅದನ್ನು ಬೇಕಾದಷ್ಟು ಏರಿಸಿ ಇಳಿಸುವಂತಿಲ್ಲ. ಅಣ್ಣನ ಬೈಸಿಕಲ್ಲು ತಮ್ಮನಿಗೆ ಒದಗದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇದರ ತಯಾರಿಕೆ ನಿಂತುಹೋಯಿತು. ಆದರೆ 1970ರ ದಶಕದ ಕೊನೆಯಲ್ಲಿ ಕೋಪನ್‌ಹೇಗನ್ನಿನಲ್ಲಿ ಇದೇ ಮಾದರಿಯನ್ನು ಪುನಃ ಕಟ್ಟತೊಡಗಿದರೆಂಬುದು, ಪ್ರಶ್ನೆಯು ಇನ್ನೂ ಸತ್ತಿಲ್ಲವೆಂಬುದಕ್ಕೆ ಸಾಕ್ಷಿ.

3. ಬಳುಕಿದ ಕೊಳವೆಗಳು

ಎರಡನೆಯ ನಿದರ್ಶನವು ಹೆಚ್ಚು ಜಗಳಕ್ಕೆ ಕಾರಣವಾದುದು. 1930ರ ದಶಕದಲ್ಲಿ ಲಂಡನ್ನಿನ ಟಾಟನ್‌ಹ್ಯಾಮಿನ ಹೆಚಿನ್ಸ್ ಸಂಸ್ಥೆಯು ಹಿಂಗಾಲಿಯನ್ನು ಹಿಡಿದಿರುವ ಕೊಳವೆಗಳನ್ನು ನೆಟ್ಟಗೆ ಬಿಡದೆ ಬಳ್ಳಿಯಂತೆ ಬಳುಕಿಸಿತು. ರಸ್ತೆಯ ಅದುರನ್ನು ಇವು ಹೀರಿಕೊಳ್ಳುತ್ತವೆಂಬುದು ಅವರ ವಾದ. ಪ್ರತಿಪಕ್ಷದವರು ಹೇಳಿದುದು ಬೇರೆ. ಅಂದಿನ ಇಂಗ್ಲೆಂಡಿನ ಹವ್ಯಾಸಿ ಪಂದ್ಯಗಳಲ್ಲಿ ತಯಾರಕರ ಹೆಸರು ಚಿತ್ರಗಳಲ್ಲಿ ಎದ್ದು ಕಾಣಬಾರದೆಂಬ ಕಟ್ಟುಪಾಡಿದ್ದಿತೆಂದೂ, ಹೆಸರಿಲ್ಲದೆಯೇ ಗುರುತು ಹತ್ತಲೆಂದು ಕೊಳವೆಯನ್ನು ಬಳುಕಿಸಿದರೆಂದೂ ಅವರ ಆರೋಪ. ಅದೇ ಕಾಲದಲ್ಲಿ ಬ್ರಾಡ್‌ಫರ್ಡಿನ ಬೇಯ್ನ್ಸ್ ಸೋದರರು, ಸೀಟಿನ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ ಹಿಂಗಾಲಿಯನ್ನು ಒಳಕ್ಕೆ ಸರಿಸಿ ಮಾಡಿದ ಗಿಡ್ಡ ಚೌಕಟ್ಟಿಗೆ ಸವಾರರು 'ಹಾರುವ ಗೇಟು' ಎಂದು ಅಡ್ಡಹೆಸರಿಟ್ಟಿದ್ದನ್ನು ನೆನೆದರೆ, ದೂರದಿಂದಲೇ ಗುರುತು ಹತ್ತುವ ಚೌಕಟ್ಟಿನ ಬೆಲೆ ಅರ್ಥವಾಗುತ್ತದೆ.

ಅದುರಿನ ವಿಚಾರವನ್ನು ಸ್ಥೂಲವಾಗಿ ಗಣಿಸಿ ನೋಡಬಹುದು. 14 ಮಿ.ಮೀ. ವ್ಯಾಸ, 0.8 ಮಿ.ಮೀ. ಗೋಡೆ, 500 ಮಿ.ಮೀ. ಉದ್ದವುಳ್ಳ ಉಕ್ಕಿನ ಕೊಳವೆಯೊಂದರ ಮೇಲೆ 400 ನ್ಯೂಟನ್ ಒತ್ತಡವಿದೆಯೆಂದು ಭಾವಿಸೋಣ. ಕೊಳವೆಯು ನೆಟ್ಟಗಿದ್ದರೆ ಅದು ಸುಮಾರು 0.03 ಮಿ.ಮೀ. ಮಾತ್ರ ಕುಗ್ಗುತ್ತದೆ. ಅದನ್ನೇ ನಡುವೆ 20 ಮಿ.ಮೀ. ಡೊಂಕಾಗುವಂತೆ ಬಿಲ್ಲಿನಂತೆ ಬಾಗಿಸಿದರೆ, ಒತ್ತಡವು ಬಾಗನ್ನು ಇನ್ನಷ್ಟು ಹೆಚ್ಚಿಸುವುದರಿಂದ, ಎರಡು ತುದಿಗಳು ಸುಮಾರು 0.3 ಮಿ.ಮೀ. ಹತ್ತಿರವಾಗುತ್ತವೆ. ಅಂದರೆ ಬಾಗಿದ ಕೊಳವೆಯು ನೆಟ್ಟಗಿರುವುದಕ್ಕಿಂತ ಸುಮಾರು ಹತ್ತು ಪಾಲು ಮೆದು. ಇದಿಷ್ಟನ್ನೇ ನೋಡಿದರೆ ತಯಾರಕರ ಮಾತು ಸತ್ಯ. ಆದರೆ ಅದೇ ಭಾರಕ್ಕೆ ಗಾಳಿ ತುಂಬಿದ ಟೈರು ಹಲವು ಮಿಲಿಮೀಟರುಗಳಷ್ಟು ತಗ್ಗುತ್ತದೆ. ಅದರ ಮುಂದೆ ಈ 0.3 ಮಿ.ಮೀ. ಎಷ್ಟರದು? ಸವಾರನ ಬೆನ್ನಿಗೆ ಸುಖ ಕೊಟ್ಟುದು ಮುಖ್ಯವಾಗಿ ಟೈರೇ ಎಂದು ಹೇಳಬೇಕಾಗುತ್ತದೆ.

ಆದುದರಿಂದ ಮೆಚ್ಚುವವರೂ ಹಳಿಯುವವರೂ ಇಲ್ಲಿ ಅರ್ಧರ್ಧ ಸರಿ. ಪರಿಣಾಮವಿದೆ, ಆದರೆ ಅಲ್ಪ. ಅದುರಿಗೆ ಉತ್ತರವೆಂದು ನೋಡಿದರೆ ಬಳುಕು ದುರ್ಬಲ. ಗುರುತಿಗೆ ಉತ್ತರವೆಂದು ನೋಡಿದರೆ ಸಮರ್ಥ. ಇವೆರಡನ್ನೂ ಬಿಟ್ಟರೂ, ಅಷ್ಟು ತೆಳುವಾದ ಕೊಳವೆಯನ್ನು ಸುಕ್ಕುಗಟ್ಟದಂತೆ ಬಾಗಿಸಿ, ಎಡಬಲಗಳನ್ನು ಸರಿದೂಗಿಸಿ ಜೋಡಿಸಿದ ಕೆಲಸಗಾರನ ಕೈಚಳಕವು ಮೆಚ್ಚತಕ್ಕದ್ದೇ. ಅದನ್ನು ಮೆಚ್ಚುವುದಕ್ಕೆ ಯಂತ್ರಶಾಸ್ತ್ರದ ಸುಳ್ಳು ಸಾಕ್ಷಿ ಬೇಕಾಗಿಲ್ಲ.

4. ನಿಯಮದ ತೀರ್ಪು

ಮೇಲಿನ ನಿದರ್ಶನಗಳಲ್ಲಿ ತೀರ್ಪು ಕೊಟ್ಟವರು ಕೊಳ್ಳುವವರು. ಕೆಲವೆಡೆ ತೀರ್ಪು ಕೊಟ್ಟುದು ಕಾಯಿದೆ. ಫ್ರಾನ್ಸಿನ ಶಾರ್ಲ್ ಮೋಶೆ ಎಂಬಾತನು ಸವಾರನು ಒರಗಿ ಕುಳಿತು ಕಾಲುಗಳನ್ನು ಮುಂದಕ್ಕೆ ಚಾಚಿ ತುಳಿಯುವ ಬೈಸಿಕಲ್ಲನ್ನು ರಚಿಸಿದನು. 1933ರ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಇದರ ಮೇಲೆ ಒಂದು ಗಂಟೆಯಲ್ಲಿ 45.055 ಕಿ.ಮೀ. ಸಾಗಿ, ಆಸ್ಕರ್ ಎಗ್ 1914ರಲ್ಲಿ ಸ್ಥಾಪಿಸಿದ್ದ 44.247 ಕಿ.ಮೀ. ದಾಖಲೆಯನ್ನು ಮುರಿದನು. ಇದರ ಗುಟ್ಟು ಕೊಳವೆಗಳಲ್ಲಿರಲಿಲ್ಲ. ಸಮತಟ್ಟಾದ ಹಾದಿಯಲ್ಲಿ ಈ ವೇಗಕ್ಕೆ ಸವಾರನ ಶಕ್ತಿಯ ಬಹುಭಾಗ ಗಾಳಿಯನ್ನು ಸೀಳುವುದರಲ್ಲಿಯೇ ವ್ಯಯವಾಗುತ್ತದೆ. ಒರಗಿದ ದೇಹವು ಗಾಳಿಗೆ ಒಡ್ಡುವ ಎದುರುಮೈ ಕಡಮೆ.

ಅಂತರರಾಷ್ಟ್ರೀಯ ಸೈಕಲ್ ಸಂಘವು 1934ರಲ್ಲಿ ಬೈಸಿಕಲ್ಲಿನ ಲಕ್ಷಣವನ್ನು ಹೊಸದಾಗಿ ಗೊತ್ತುಮಾಡಿ, ಒರಗುವ ಮಾದರಿಯನ್ನು ತನ್ನ ಪಂದ್ಯಗಳಿಂದ ಹೊರಗಿಟ್ಟಿತು. ಅರವತ್ತು ವರ್ಷಗಳ ತರುವಾಯ ಇಂಥದೇ ಪ್ರಸಂಗ ಮತ್ತೊಮ್ಮೆ ನಡೆಯಿತು. ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿಯು ಮಂಡಿಗಳಿಗೆ ತಾಗುವ ಬಾರನ್ನು ತೆಗೆದುಹಾಕಿ, ಪೆಡಲುಗಳು ಹತ್ತಿರ ಬರಲೆಂದು ಬಟ್ಟೆ ಒಗೆಯುವ ಯಂತ್ರದ ಬೇರಿಂಗನ್ನು ಬಳಸಿ, ತಾನೇ ಕಟ್ಟಿದ ಬೈಸಿಕಲ್ಲಿನ ಮೇಲೆ 1993ರ ಜುಲೈ 17ರಂದು ನಾರ್ವೆಯ ಹಾಮಾರಿನಲ್ಲಿ 51.596 ಕಿ.ಮೀ. ಸಾಗಿ ದಾಖಲೆ ಮಾಡಿದನು. ತೋಳುಗಳನ್ನು ಎದೆಯಡಿ ಮಡಚಿ ಬಾಗುವ ಆತನ ಭಂಗಿಯನ್ನು ಸಂಘವು 1994ರಲ್ಲಿ ನಿಷೇಧಿಸಿತು.

ಸಂಘದ ನಿಲುವಿಗೂ ಒಂದು ನ್ಯಾಯವಿದೆ. ಸ್ಪರ್ಧೆಯು ಮನುಷ್ಯರ ನಡುವೆ ನಡೆಯಬೇಕೇ ಹೊರತು ಯಂತ್ರಗಳ ನಡುವೆ ಅಲ್ಲವೆಂದು ವಾದಿಸಬಹುದು. ಒರಗುವ ಬೈಸಿಕಲ್ಲಿಗೆ ತನ್ನವೇ ಆದ ಕೊರತೆಗಳೂ ಉಂಟು: ಏರಿನಲ್ಲಿ ಎದ್ದು ನಿಂತು ತುಳಿಯಲಾಗದು, ಜನನಿಬಿಡ ಬೀದಿಯಲ್ಲಿ ತಗ್ಗಿನಲ್ಲಿರುವ ಸವಾರನು ಇತರರ ಕಣ್ಣಿಗೆ ಬೇಗ ಬೀಳನು. ಆದರೆ ಒಂದು ರೂಪವು ಸೋತು ಹಿಂದುಳಿದುದಕ್ಕೂ ಅದನ್ನು ಕಣಕ್ಕೆ ಇಳಿಯಗೊಡದೆ ಹೊರಗಿಟ್ಟುದಕ್ಕೂ ವ್ಯತ್ಯಾಸವಿದೆ. ಈ ವ್ಯತ್ಯಾಸವನ್ನು ಮರೆತರೆ, ಇಂದು ಉಳಿದಿರುವುದೇ ಶ್ರೇಷ್ಠವೆಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

5. ಉಪಸಂಹಾರ

ವಜ್ರಾಕೃತಿಯ ಚೌಕಟ್ಟು ಅಗ್ಗ, ಗಟ್ಟಿ, ರಿಪೇರಿಗೆ ಸುಲಭ. ಕ್ಯಾರಿಯರಿನ ಮೇಲೆ ಮೂಟೆಯನ್ನೋ ಹಾಲಿನ ಕ್ಯಾನುಗಳನ್ನೋ ಹೇರಿಕೊಂಡು ಹೋಗುವವನಿಗೆ ಅದಕ್ಕಿಂತ ಮೇಲಾದುದನ್ನು ನಾವು ಸೂಚಿಸಲಾರೆವು. ಆದರೆ ಅದು ಉತ್ತರಿಸಿದುದು ಕೆಲವು ಪ್ರಶ್ನೆಗಳಿಗೆ ಮಾತ್ರ. ಆಸನದ ಸುಖವನ್ನು ಪೆಡರ್ಸನ್ನನೂ, ಗಾಳಿಯ ತಡೆಯನ್ನು ಮೋಶೆಯೂ, ಮಂಡಿಯ ದಾರಿಯನ್ನು ಓಬ್ರಿಯೂ ಕೇಳಿದರು. ಹೊಸ ಆಕಾರದ ಬೈಸಿಕಲ್ಲೊಂದು ನಮ್ಮ ವಿದ್ಯಾರ್ಥಿಗಳ ಕಣ್ಣಿಗೆ ಬಿದ್ದಾಗ, ನಗುವುದಕ್ಕೂ ಹೊಗಳುವುದಕ್ಕೂ ಮುನ್ನ ಅದರ ಪಕ್ಕದಲ್ಲಿ ಕುಳಿತು, ಯಾವ ಕೊಳವೆ ಯಾವ ಬಲವನ್ನು ಎಲ್ಲಿಗೆ ಒಯ್ಯುತ್ತದೆಂದು ಕಾಗದದ ಮೇಲೆ ಗೆರೆ ಎಳೆದು ನೋಡಲಿ. ಆ ಗೆರೆಗಳು ಹೇಳಿದುದನ್ನು ಕೇಳಿದ ಮೇಲೆ ಕೊಡುವ ಮೆಚ್ಚುಗೆಗೂ ಆಕ್ಷೇಪಣೆಗೂ ತೂಕವಿರುತ್ತದೆ.