ಪಹಣಿಯ ಎಕರೆ-ಗುಂಟೆ ಮತ್ತು ಗಣಕಯಂತ್ರದ ದಶಮಾಂಶ: ಪರಿವರ್ತನಾ ದೋಷಗಳ ಕುರಿತು ಮಾಹಿತಿ

ಪಹಣಿಯಲ್ಲಿ ಜಮೀನಿನ ವಿಸ್ತೀರ್ಣವನ್ನು ಎಕರೆ, ಗುಂಟೆ ಹಾಗೂ ಆಣೆಗಳಲ್ಲಿ, ನಡುವೆ ಚುಕ್ಕೆಯಿಟ್ಟು ನಮೂದಿಸಲಾಗುತ್ತದೆ. 40 ಗುಂಟೆಗೆ 1 ಎಕರೆ. 16 ಆಣೆಗೆ 1 ಗುಂಟೆ. ಆದುದರಿಂದ 2.20 ಎಂದರೆ 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಈ ಚುಕ್ಕೆಯ ಅರ್ಥವನ್ನು ತಿಳಿಸದಿದ್ದಲ್ಲಿ ಗಣಕಯಂತ್ರವು ಅದನ್ನು ದಶಮಾಂಶವೆಂದೇ ಪರಿಗಣಿಸುತ್ತದೆ.

ಕಛೇರಿ ಹಾಗೂ ಸಂಘಗಳಲ್ಲಿ ಬಳಸುವ ಡೆಸ್ಕ್‌ಟಾಪ್ ತಂತ್ರಾಂಶಗಳಲ್ಲಿ ಪರದೆಯ ಮೇಲಿನ ಖಾನೆಯನ್ನು ದತ್ತಾಂಶದ ಒಂದು ಕಾಲಂಗೆ ಜೋಡಿಸಿರುವುದುಂಟು. ಇದಕ್ಕೆ ಡೇಟಾ ಬೈಂಡಿಂಗ್ ಎನ್ನುವರು. ಖಾನೆಯಲ್ಲಿ ಬೆರಳಚ್ಚಿಸಿದ್ದು ಅಕ್ಷರರೂಪದಲ್ಲಿರುತ್ತದೆ; ಕಾಲಂ ಸಂಖ್ಯಾರೂಪದ್ದಾಗಿದ್ದಲ್ಲಿ ಅದನ್ನು ಪರಿವರ್ತಿಸಬೇಕಾಗುತ್ತದೆ. ಆಣೆಸಹಿತ 2.20.00 ಎಂದು ನಮೂದಿಸಿದಾಗ, ಎರಡು ಚುಕ್ಕೆಗಳಿರುವ ಸಂಖ್ಯೆ ಇಲ್ಲವಾದ್ದರಿಂದ, ತಂತ್ರಾಂಶವು ದೋಷವನ್ನು ತೋರಿಸುತ್ತದೆ ಅಥವಾ ಖಾನೆಯಿಂದ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಅರ್ಜಿದಾರರಿಗೆ ಇದು ಕಿರಿಕಿರಿಯೆನಿಸಿದರೂ ವಾಸ್ತವದಲ್ಲಿ ರಕ್ಷಣೆಯೇ ಆಗಿದೆ. ಹೆಚ್ಚಿನ ಹಾನಿಯಾಗುವುದು ದೋಷ ತೋರಿಸದೆ ನಡೆಯುವ ಪರಿವರ್ತನೆಯಿಂದ. 2.20 ಸಂಖ್ಯೆಯಾದಾಗ ಕೊನೆಯ ಸೊನ್ನೆ ಬಿಟ್ಟುಹೋಗಿ 2.2 ಆಗಬಹುದು. ಅದನ್ನು 2 ಎಕರೆ 2 ಗುಂಟೆ ಎಂದು ಓದಿದಲ್ಲಿ 18 ಗುಂಟೆ ಕಾಗದದ ಮೇಲೆ ಕಾಣೆಯಾದಂತೆಯೇ.

ಉದಾಹರಣೆಗೆ, ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಇಬ್ಬರು ಸಹೋದರರು 3 ಎಕರೆ 10 ಗುಂಟೆ ಕಬ್ಬಿನ ಜಮೀನನ್ನು ಸಮಪಾಲು ಮಾಡಿಕೊಳ್ಳುವರೆಂದು ಭಾವಿಸೋಣ. 3.10ನ್ನು ಎರಡರಿಂದ ಭಾಗಿಸಿದರೆ 1.55 ಬರುತ್ತದೆ, ಎಕರೆಗೆ 40 ಗುಂಟೆಯಿರುವಾಗ 55 ಗುಂಟೆ ಬರೆಯಲಾಗದು. ಸರಿಯಾದ ಕ್ರಮವೆಂದರೆ ಒಟ್ಟು 130 ಗುಂಟೆ ಮಾಡಿ, ತಲಾ 65 ಗುಂಟೆ, ಅಂದರೆ 1 ಎಕರೆ 25 ಗುಂಟೆ ಎಂದು ನಮೂದಿಸುವುದು. ಪಹಣಿಯ ಕಾಲಂ 9ರಲ್ಲಿರುವ ಸ್ವಾಧೀನದಾರರ ವಿಸ್ತೀರ್ಣಗಳ ಮೊತ್ತವು ಕಾಲಂ 3ರ ವಿಸ್ತೀರ್ಣಕ್ಕೆ ತಾಳೆಯಾಗದಿದ್ದಲ್ಲಿ ಹಕ್ಕು ಬದಲಾವಣೆಗೆ ಅಡಚಣೆಯುಂಟಾಗುತ್ತದೆ.

ತಂತ್ರಾಂಶ ಸಿದ್ಧಪಡಿಸುವವರು ವಿಸ್ತೀರ್ಣವನ್ನು ದಶಮಾಂಶವಾಗಿ ಇಡದೆ, ಒಟ್ಟು ಆಣೆಗಳ ಪೂರ್ಣಾಂಕವಾಗಿ ಸಂಗ್ರಹಿಸುವುದು ಸೂಕ್ತ. ವಿಂಡೋಸ್ ಫಾರ್ಮ್ಸ್‌ನಲ್ಲಿ ಬೈಂಡಿಂಗ್‌ನ ಪಾರ್ಸ್ ಹಂತದಲ್ಲಿ ಅಕ್ಷರವನ್ನು ಆಣೆಗೂ, ಫಾರ್ಮ್ಯಾಟ್ ಹಂತದಲ್ಲಿ ಆಣೆಯನ್ನು ಎಕರೆ-ಗುಂಟೆಗೂ ಪರಿವರ್ತಿಸಬಹುದು. 39ಕ್ಕಿಂತ ಹೆಚ್ಚಿನ ಗುಂಟೆಯನ್ನು ಅಲ್ಲಿಯೇ ತಿರಸ್ಕರಿಸತಕ್ಕದ್ದು. ಸರ್ವೆ ನಂಬರನ್ನು ಅಕ್ಷರರೂಪದಲ್ಲಿಯೇ ಉಳಿಸಬೇಕು. 12/3 ಎಂಬ ಹಿಸ್ಸಾ ಸಂಖ್ಯೆಯನ್ನು ಎಕ್ಸೆಲ್ ದಿನಾಂಕವನ್ನಾಗಿಸಿಬಿಡುತ್ತದೆ! ಕನ್ನಡ ಅಂಕಿಗಳಲ್ಲಿ ಬೆರಳಚ್ಚಿಸಿದ ಮೌಲ್ಯವನ್ನೂ ಅನೇಕ ತಂತ್ರಾಂಶಗಳು ಸಂಖ್ಯೆಯೆಂದು ಸ್ವೀಕರಿಸುವುದಿಲ್ಲ.

ಅರ್ಜಿದಾರರು ವಿಸ್ತೀರ್ಣವನ್ನು "2 ಎಕರೆ 20 ಗುಂಟೆ" ಎಂದು ಪದಗಳೊಡನೆ ಬರೆಯುವುದು ಹಾಗೂ ಮುದ್ರಿತ ಪ್ರತಿಯನ್ನು ಕಛೇರಿಯಿಂದ ಹೊರಡುವ ಮುನ್ನವೇ ಪರಿಶೀಲಿಸುವುದು. ಪಹಣಿಯಲ್ಲಿ ವ್ಯತ್ಯಾಸ ಕಂಡುಬಂದಲ್ಲಿ ಹಳೆಯ ಕೈಬರಹದ ಪಹಣಿ, ಆಕಾರ್‌ಬಂದ್ ಮತ್ತು ಹಕ್ಕು ಬದಲಾವಣೆ ಪ್ರತಿಗಳೊಂದಿಗೆ ಸಂಬಂಧಪಟ್ಟ ತಹಶೀಲ್ದಾರರ ಕಛೇರಿಗೆ ತಿದ್ದುಪಡಿ ಅರ್ಜಿ ಸಲ್ಲಿಸಿ, ಸ್ವೀಕೃತಿ ಪಡೆಯತಕ್ಕದ್ದು.