ಬಾಲನರೆಗೆ ಬಣ್ಣ: ಹಚ್ಚುವ ಮುನ್ನ

ಪಿಯುಸಿ ಓದುವ ಹುಡುಗಿಯ ಬೈತಲೆಯ ಪಕ್ಕದಲ್ಲಿ ನಾಲ್ಕು ಬಿಳಿ ಕೂದಲು ಕಂಡರೆ ಸಾಕು, ಮನೆಯಲ್ಲಿ ಸಣ್ಣದೊಂದು ಪಂಚಾಯಿತಿಯೇ ಸೇರುತ್ತದೆ. ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟದ್ದೇ ಕಾರಣ ಎಂದು ಅಜ್ಜಿ, ಬೋರ್‌ವೆಲ್ ನೀರಿನ ದೋಷ ಎಂದು ತಾಯಿ, ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದರ ಫಲ ಎಂದು ತಂದೆ. ಹುಡುಗಿಗೆ ಕಾರಣ ಬೇಕಿಲ್ಲ. ನಾಳೆ ಕಾಲೇಜಿನ ಬಸ್ಸಿನಲ್ಲಿ ಯಾರೂ ‘ಅಜ್ಜಿ’ ಎಂದು ಕರೆಯಬಾರದು, ಅಷ್ಟೆ. ಹುಡುಗರ ಪಾಡೂ ಇದಕ್ಕಿಂತ ಬೇರೆಯಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಲ್ಲೇ ಹೋದರೂ ಅಂಗಡಿಯಲ್ಲಿ ಇದಕ್ಕೊಂದು ಸುಲಭದ ಉತ್ತರ ಸಿಗುತ್ತದೆ: ಕಪ್ಪು ಬಣ್ಣದ ಸಣ್ಣ ಪ್ಯಾಕೆಟ್ಟು. ಅದರೊಳಗೆ ಏನಿದೆ ಎಂದು ಓದಿ ಕೊಳ್ಳುವವರು ಮಾತ್ರ ಕಡಿಮೆ.

ಬಣ್ಣ ತಯಾರಾಗುವುದೆಲ್ಲಿ?

ಕೂದಲಿನ ಬಣ್ಣ ತಯಾರಾಗುವುದು ಚರ್ಮದೊಳಗಿನ ಬೇರಿನಲ್ಲಿ. ಅಲ್ಲಿರುವ ಜೀವಕೋಶಗಳು ಮೆಲನಿನ್ ಎಂಬ ಬಣ್ಣದ ವಸ್ತುವನ್ನು ತಯಾರಿಸಿ ಬೆಳೆಯುವ ಕೂದಲಿಗೆ ತುಂಬುತ್ತವೆ. ಆ ಕೋಶಗಳು ಕೆಲಸ ನಿಲ್ಲಿಸಿದರೆ ಕೂದಲು ಬೆಳ್ಳಗೆ ಹೊರಬರುತ್ತದೆ. ಹೊರಗೆ ಕಾಣುವ ಕೂದಲು ಜೀವವಿಲ್ಲದ ಎಳೆ. ಎಣ್ಣೆ ಅದನ್ನು ನುಣುಪು ಮಾಡಬಲ್ಲದು, ಗಡಸು ನೀರು ಒರಟು ಮಾಡಬಲ್ಲದು. ಬೇರಿನೊಳಗೆ ನಿಂತುಹೋದ ಬಣ್ಣವನ್ನು ಎಣ್ಣೆ ಮತ್ತೆ ತರಲಾರದು. ಒಂದು ಕಿತ್ತರೆ ಹತ್ತು ಬರುತ್ತದೆ ಎಂಬುದೂ ಸುಳ್ಳು. ಕಿತ್ತ ಜಾಗದಲ್ಲಿ ಮತ್ತೆ ಬಿಳಿಯದೇ ಬರುತ್ತದೆ.

ನಮ್ಮ ದೇಶದವರಲ್ಲಿ 25 ವರ್ಷಕ್ಕೆ ಮೊದಲೇ ಕೂದಲು ನರೆತರೆ ವೈದ್ಯರು ಅದನ್ನು ಅಕಾಲ ನರೆ ಎನ್ನುತ್ತಾರೆ. ಹೆಚ್ಚಿನವರಲ್ಲಿ ಇದು ವಂಶದಿಂದ ಬಂದದ್ದು. ತಂದೆಗೋ ಸೋದರಮಾವನಿಗೋ ಚಿಕ್ಕ ವಯಸ್ಸಿಗೇ ನರೆ ಬಂದಿದ್ದರೆ ಮಕ್ಕಳಲ್ಲೂ ಕಾಣಿಸಿಕೊಳ್ಳುವುದು ಸಹಜ. ಅದು ಕಾಯಿಲೆಯಲ್ಲ. ಆದರೆ ಕೆಲವರಲ್ಲಿ ಬಿ-12 ಜೀವಸತ್ವದ ಕೊರತೆ, ಕಬ್ಬಿಣಾಂಶದ ಕೊರತೆ ಅಥವಾ ಥೈರಾಯ್ಡ್ ತೊಂದರೆ ಇದರ ಹಿಂದೆ ಇರಬಹುದು. ನರೆಯ ಜತೆಗೆ ಸುಸ್ತು, ಬಿಳಿಚಿದ ಮುಖ, ಕೈಕಾಲು ಜೋಮು ಕಂಡರೆ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಇಂಥ ಕೊರತೆಯನ್ನು ಬೇಗ ಸರಿಪಡಿಸಿದರೆ ಕೆಲವರಿಗೆ ಕೂದಲಿನ ಬಣ್ಣವೂ ಮರಳುವುದುಂಟು. ಬಣ್ಣ ಹಚ್ಚಿ ಮುಚ್ಚಿಟ್ಟರೆ ಒಳಗಿನ ಕೊರತೆ ಹಾಗೇ ಉಳಿಯುತ್ತದೆ.

ನಮ್ಮ ಕಡೆಯ ರಾಗಿಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು ಒಳ್ಳೆಯ ಊಟವೇ. ಆದರೆ ಬಿ-12 ಸೊಪ್ಪಿನಲ್ಲೂ ಇಲ್ಲ, ರಾಗಿಯಲ್ಲೂ ಇಲ್ಲ. ಅದು ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಮನೆಯ ಹಾಲನ್ನೆಲ್ಲ ಡೇರಿಗೆ ಹಾಕಿ ಮಕ್ಕಳಿಗೆ ಕರಿ ಕಾಫಿ ಕೊಡುವ ತಾಯಂದಿರು ಈ ಮಾತನ್ನು ಗಮನಿಸಬೇಕು.

ಇನ್ನೊಂದು ಮಾತು ಹುಡುಗರಿಗೆ. ಈ ನಾಲ್ಕೂ ತಾಲ್ಲೂಕುಗಳು ವರ್ಜೀನಿಯಾ ತಂಬಾಕು ಬೆಳೆಯುವ ಸೀಮೆ. ಧೂಮಪಾನಕ್ಕೂ ಬೇಗ ಬರುವ ನರೆಗೂ ನಂಟಿದೆ ಎಂದು ಹಲವು ಅಧ್ಯಯನಗಳು ಹೇಳಿವೆ. ಗೆಳೆಯರ ಜತೆ ಸಿಗರೇಟು ಸೇದುತ್ತ, ತಲೆಗೆ ಬಣ್ಣ ಹುಡುಕುವುದರಲ್ಲಿ ಅರ್ಥವಿಲ್ಲ.

ಮೂರು ಬಗೆ

ಬಣ್ಣಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಕೂದಲಿನ ಮೇಲ್ಪದರಕ್ಕೆ ಮಾತ್ರ ಅಂಟುವ ಬಣ್ಣ. ಬಣ್ಣ ಎದ್ದು ಕಾಣಿಸಲೆಂದು ಮಾರುವ ಕೆಲವು ಶಾಂಪೂ, ಕಂಡೀಷನರ್‌ಗಳು ಈ ಬಗೆಯವು. ಬಿಳಿ ಕೂದಲು ತುಸು ಮಸುಕಾಗುತ್ತದೆ, ಕಡುಗಪ್ಪಾಗುವುದಿಲ್ಲ. ಕೆಲವು ಸ್ನಾನದಲ್ಲಿ ತೊಳೆದುಹೋಗುತ್ತದೆ. ಅಲ್ಲೊಂದು ಇಲ್ಲೊಂದು ನರೆಯಿರುವವರಿಗೆ ಇಷ್ಟೇ ಸಾಕಾಗಬಹುದು.

ಎರಡನೆಯದು ಗೋರಂಟಿ. ಅದರಲ್ಲಿರುವ ಲಾಸೋನ್ ಎಂಬ ವಸ್ತು ಕೂದಲಿಗೆ ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಬಿಳಿ ಕೂದಲು ಕೆಂಪಾಗುತ್ತದೆ. ನೀಲಿ ಗಿಡದ ಎಲೆಯ ಪುಡಿ ಸೇರಿದರೆ ಕಂದು, ಕಪ್ಪಿಗೆ ತಿರುಗುತ್ತದೆ. ಗದ್ದೆ ಬದುವಿನ ಗರಗದ ಸೊಪ್ಪು, ನೆಲ್ಲಿಕಾಯಿ, ಸೀಗೆಕಾಯಿ ನಮ್ಮ ಹಿರಿಯರ ಕೂದಲ ಆರೈಕೆ. ಬಳಸಲು ಅಡ್ಡಿಯಿಲ್ಲ. ಅವುಗಳಿಂದ ವಂಶದ ನರೆ ನಿಲ್ಲುತ್ತದೆ ಎಂದು ನಂಬಿ ಕೂರಬಾರದು.

ಮೂರನೆಯದು ಕಪ್ಪು ಡೈ. ಇದರ ಜೀವಾಳ ಪ್ಯಾರಾಫಿನೈಲಿನ್‌ಡಯಮೀನ್, ಚುಟುಕಾಗಿ ಪಿಪಿಡಿ. ಇದು ಕೂದಲಿನ ಒಳಗೆ ಇಳಿದು ಅಲ್ಲೇ ಬಣ್ಣವಾಗಿ ಕೂರುತ್ತದೆ. ಪ್ಯಾರಿಸ್ಸಿನ ಯುಜೀನ್ ಶುಲರ್ 1907ರಲ್ಲಿ ಸಿದ್ಧಪಡಿಸಿದ ಕೂದಲ ಬಣ್ಣದಿಂದ ಈ ಬಗೆಯ ವ್ಯಾಪಾರ ಬೆಳೆಯಿತು. ಅಪಾಯವಿರುವುದೂ ಇಲ್ಲೇ. ಪಿಪಿಡಿ ಒಗ್ಗದವರಿಗೆ ನೆತ್ತಿ ತುರಿಸಿ, ಕಣ್ಣು ಮುಚ್ಚುವಷ್ಟು ಮುಖ ಊದಿಕೊಳ್ಳಬಹುದು. ಒಮ್ಮೆ ಅಲರ್ಜಿ ಅಂಟಿದರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡದು. ಐರೋಪ್ಯ ಒಕ್ಕೂಟದಲ್ಲಿ ಇಂಥ ಡೈಗಳ ಮೇಲೆ 16 ವರ್ಷದ ಒಳಗಿನವರಿಗಲ್ಲ ಎಂದು ಮುದ್ರಿಸಬೇಕೆಂಬ ನಿಯಮವಿದೆ.

ಹೆಸರು ನೋಡಿ ಮೋಸಹೋಗಬೇಡಿ. ‘ಐದು ನಿಮಿಷದ ಕಪ್ಪು ಶಾಂಪೂ’, ‘ಕಪ್ಪು ಮೆಹಂದಿ’ ಎಂದು ಮಾರುವ ಎಷ್ಟೋ ಪ್ಯಾಕೆಟ್ಟುಗಳಲ್ಲಿರುವುದು ಇದೇ ಪಿಪಿಡಿ. ಶುದ್ಧ ಗೋರಂಟಿ ಎಂದೂ ಕಪ್ಪು ಬಣ್ಣ ಕೊಡುವುದಿಲ್ಲ.

ಹಚ್ಚಲೇಬೇಕೆಂದರೆ

* ಹಿಂದಿನ ಸಲ ಏನೂ ಆಗಿರದಿದ್ದರೂ ಪ್ರತಿ ಸಲವೂ 48 ಗಂಟೆ ಮೊದಲು ಮೊಣಕೈ ಒಳಮಡಿಕೆಯಲ್ಲೋ ಕಿವಿಯ ಹಿಂದೆಯೋ, ಪ್ಯಾಕೆಟ್ಟಿನ ಸೂಚನೆಯಂತೆ, ಚೂರು ಹಚ್ಚಿ ನೋಡಿ. ತುರಿಕೆ, ಕೆಂಪು ಕಂಡರೆ ಆ ಡೈ ನಿಮಗಲ್ಲ.

* ಹುಬ್ಬಿಗೆ, ರೆಪ್ಪೆಗೆ ಹಚ್ಚಲೇಬೇಡಿ, ಕಣ್ಣೇ ಹೋಗಬಹುದು. ಡೈ ಪ್ಯಾಕೆಟ್ಟಿನ ಮೇಲೆ ಈ ಎಚ್ಚರಿಕೆ ಇರಬೇಕೆಂದು ನಮ್ಮ ದೇಶದ ಕಾನೂನೇ ಹೇಳುತ್ತದೆ.

* ನೆತ್ತಿಯಲ್ಲಿ ಗಾಯ, ಗುಳ್ಳೆ ಇದ್ದಾಗ ಬೇಡ. ಕೈಗೆ ಗ್ಲೌಸ್ ಇರಲಿ. ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಬಿಡಬೇಡಿ.

* ಮುಖ ಊದಿದರೆ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಪ್ಯಾಕೆಟ್ಟನ್ನೂ ಒಯ್ಯಿರಿ.

* ಉಳಿದ ಡೈಯನ್ನು ಬಚ್ಚಲಿನ ಗೂಡಿನಲ್ಲಿ ಇಡಬೇಡಿ. ಇದು ಹೊಟ್ಟೆಗೆ ಹೋದರೆ ಗಂಟಲು ಊದಿ ಉಸಿರು ಕಟ್ಟುತ್ತದೆ, ಮೂತ್ರಪಿಂಡ ಕೆಡುತ್ತದೆ, ಜೀವಕ್ಕೇ ಅಪಾಯ. ಬೀಗದೊಳಗಿರಲಿ.

ಖರ್ಚಿನ ಲೆಕ್ಕವನ್ನೂ ಹಾಕಬೇಕು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಇಂದು ಕಪ್ಪಾದ ತಲೆಯಲ್ಲಿ ಮೂರು ನಾಲ್ಕು ವಾರಕ್ಕೆ ಬುಡ ಬೆಳ್ಳಗೆ ಇಣುಕುತ್ತದೆ. ಹದಿನೇಳಕ್ಕೆ ಶುರುಮಾಡಿದರೆ ಈ ಕೆಲಸ ವರ್ಷಗಟ್ಟಲೆ ನಡೆಯಬೇಕು. ಇರುವುದು ಐದಾರೇ ಕೂದಲಾದರೆ ಸಣ್ಣ ಕತ್ತರಿಯಿಂದ ಬುಡಕ್ಕೆ ಕತ್ತರಿಸಿದರೆ ಸಾಕು, ಬೈತಲೆ ಪಕ್ಕಕ್ಕೆ ತೆಗೆದರೂ ಮರೆಯಾಗುತ್ತದೆ.

ಕಾಳಿದಾಸನ ‘ರಘುವಂಶ’ದಲ್ಲಿ ದಶರಥನ ಕಿವಿಯ ಬಳಿ ಬಂದ ನರೆ, ರಾಮನಿಗೆ ರಾಜ್ಯ ಒಪ್ಪಿಸು ಎಂದು ಪಿಸುಗುಡುತ್ತದೆ. ಹದಿನೇಳರ ನರೆ ಅಂಥ ಸಂದೇಶವನ್ನೇನೂ ತಂದಿರುವುದಿಲ್ಲ. ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾದವರು ಹೆತ್ತವರೇ. ‘ಹೀಗಾದರೆ ಗಂಡು ಹುಡುಕೋದು ಹೇಗೆ’ ಎಂಬ ಮಾತು ಮನೆಯಲ್ಲೇ ಬಿದ್ದರೆ, ಬಸ್ಸಿನಲ್ಲಿ ಗೆಳತಿಯರು ಆಡುವ ಮಾತಿಗಿಂತ ಹೆಚ್ಚು ನೋಯುತ್ತದೆ. ಮೊದಲು ವೈದ್ಯರಿಗೆ ತೋರಿಸಿ. ಹಚ್ಚುವುದೋ ಬಿಡುವುದೋ ಆಮೇಲೆ ಕೂತು ಮಾತಾಡಿ.