ಪದವಿ ಭೌತವಿಜ್ಞಾನ: ಹಾಲಹಳ್ಳಿಯಿಂದ ಔರಾದ್‌ವರೆಗೆ ಬದಲಾಗಬೇಕಾದುದೇನು?

ಬೀದರ್: ಜಿಲ್ಲೆಯ ಪದವಿ ಕಾಲೇಜುಗಳು ದಶಕಗಳ ಕಾಲ ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿದ್ದ ಸ್ನಾತಕೋತ್ತರ ಕೇಂದ್ರ 2023ರಲ್ಲಿ ಬೀದರ್ ವಿಶ್ವವಿದ್ಯಾಲಯವಾಗಿ ಕಾರ್ಯಾರಂಭ ಮಾಡಿತು. ಬೀದರ್ ನಗರ, ಭಾಲ್ಕಿ, ಔರಾದ್‌ಗಳ ಬಿ.ಎಸ್ಸಿ. ವಿದ್ಯಾರ್ಥಿಗಳು ಭೌತವಿಜ್ಞಾನವನ್ನು ಹೇಗೆ ಕಲಿಯಬೇಕೆಂಬ ಪ್ರಶ್ನೆಗೆ ಜಿಲ್ಲೆಯಲ್ಲಿಯೇ ಉತ್ತರ ಕಂಡುಕೊಳ್ಳುವ ಅವಕಾಶ ಈಗ ಒದಗಿದೆ.

ಉಪನ್ಯಾಸದ ಮಿತಿ

ಮೇಲಕ್ಕೆಸೆದ ಕಲ್ಲು ತುತ್ತತುದಿ ತಲುಪಿದ ಕ್ಷಣದಲ್ಲಿ ಅದರ ವೇಗೋತ್ಕರ್ಷ ಎಷ್ಟು? ಸೂತ್ರಗಳನ್ನು ಬಾಯಿಪಾಠ ಮಾಡಿದವರಲ್ಲಿ ಹಲವರು ‘ಸೊನ್ನೆ’ ಎನ್ನುತ್ತಾರೆ. ಆ ಕ್ಷಣದಲ್ಲಿ ಸೊನ್ನೆಯಾಗುವುದು ವೇಗ ಮಾತ್ರ; ಗುರುತ್ವದ ವೇಗೋತ್ಕರ್ಷ ಆಗಲೂ ಕೆಳಮುಖವಾಗಿ ಸೆಕೆಂಡಿನ ವರ್ಗಕ್ಕೆ 9.8 ಮೀಟರ್ ಇರುತ್ತದೆ.

ಇಂತಹ ತಪ್ಪುಕಲ್ಪನೆಗಳು ಉಪನ್ಯಾಸ ಕೇಳಿದ ಮಾತ್ರಕ್ಕೆ ಅಳಿಯುವುದಿಲ್ಲ. ಅಮೆರಿಕದ ರಿಚರ್ಡ್ ಹೇಕ್ 1998ರಲ್ಲಿ 6,542 ವಿದ್ಯಾರ್ಥಿಗಳ ಪರೀಕ್ಷಾ ಫಲಿತಾಂಶ ವಿಶ್ಲೇಷಿಸಿದರು. ಕೋರ್ಸಿನ ಆರಂಭದಲ್ಲಿ ತಿಳಿಯದಿದ್ದ ಅಂಶಗಳಲ್ಲಿ ಸಾಂಪ್ರದಾಯಿಕ ತರಗತಿಗಳವರು ಸರಾಸರಿ ಶೇ 23ರಷ್ಟನ್ನು ಮಾತ್ರ ಗಳಿಸಿದ್ದರು. ಚರ್ಚೆ, ಪ್ರಶ್ನೋತ್ತರಗಳಿಗೆ ಆದ್ಯತೆಯಿದ್ದ ತರಗತಿಗಳಲ್ಲಿ ಇದು ಶೇ 48ರಷ್ಟಿತ್ತು. ಹಾರ್ವರ್ಡ್‌ನ ಎರಿಕ್ ಮಜೂರ್ ಬಳಕೆಗೆ ತಂದ ವಿಧಾನ ಸರಳವಾದುದು: ಪ್ರಶ್ನೆ ಕೇಳಿ ಉತ್ತರ ಪಡೆಯುವುದು, ಅಕ್ಕಪಕ್ಕದವರೊಡನೆ ಚರ್ಚಿಸಲು ಬಿಡುವುದು, ಮತ್ತೊಮ್ಮೆ ಉತ್ತರ ಕೇಳುವುದು. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ.

ಬೆಂಗಳೂರಿನ ಮಾದರಿ

1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷಗಳ ಸಂಶೋಧನಾಧಾರಿತ ವಿಜ್ಞಾನ ಪದವಿ ಆರಂಭಿಸಿತು. ಅಲ್ಲಿ ಭೌತವಿಜ್ಞಾನ ಆರಿಸಿಕೊಂಡವರೂ ಆರಂಭದಲ್ಲಿ ರಸಾಯನ, ಜೀವವಿಜ್ಞಾನ, ಗಣಿತಗಳನ್ನು ಓದುತ್ತಾರೆ. ಕೊನೆಯ ವರ್ಷ ಸಂಶೋಧನೆಯಲ್ಲಿ ತೊಡಗುತ್ತಾರೆ. ಸಂಶೋಧಕರೇ ಪದವಿ ತರಗತಿಗೂ ಪಾಠ ಮಾಡುವುದು ಈ ವ್ಯವಸ್ಥೆಯ ಬಲ.

ಬೀದರ್‌ನ ಸ್ಥಿತಿ ಭಿನ್ನ. ಸ್ನಾತಕೋತ್ತರ ವಿಭಾಗಗಳು ವಿಶ್ವವಿದ್ಯಾಲಯದಲ್ಲಿದ್ದರೆ, ಪದವಿ ವಿದ್ಯಾರ್ಥಿಗಳು ಸಂಯೋಜಿತ ಕಾಲೇಜುಗಳಲ್ಲಿದ್ದಾರೆ. 2021ರಲ್ಲಿ ಬಂದ ನಾಲ್ಕು ವರ್ಷಗಳ ಪದವಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೈಬಿಟ್ಟು ಮೂರು ವರ್ಷಗಳ ಪದವಿಗೆ ಮರಳಿತು. ಆದ್ದರಿಂದ ಸಂಶೋಧನೆಯ ಅನುಭವವನ್ನು ಮೂರೇ ವರ್ಷಗಳಲ್ಲಿ ಅಳವಡಿಸಬೇಕಿದೆ.

ಊರೇ ಪ್ರಯೋಗಾಲಯ

ಇದಕ್ಕೆ ವಿಷಯಗಳ ಕೊರತೆಯಿಲ್ಲ. ಬಹಮನಿ ಕಾಲದ ನೌಬಾದ್ ಕರೇಜ್‌ನಲ್ಲಿ ನೀರು ಯಂತ್ರದ ನೆರವಿಲ್ಲದೆ ನೆಲದಡಿ ಹರಿಯುತ್ತಿತ್ತು. ಇಳಿಜಾರಿಗೂ ಹರಿವಿಗೂ ಇರುವ ಸಂಬಂಧವನ್ನು ಅಳೆದು ನೋಡಲು ಅದೇ ಪಾಠ. ಬಿದ್ರಿ ಕಲಾವಸ್ತುಗಳ ಮಿಶ್ರಲೋಹದಲ್ಲಿ ಸತುವೇ ಪ್ರಧಾನ, ತಾಮ್ರ ಅಲ್ಪ. ಅದರ ತುಣುಕೊಂದನ್ನು ಗಾಳಿಯಲ್ಲಿ, ನೀರಿನಲ್ಲಿ ತೂಗಿ ಸಾಂದ್ರತೆ ಕಂಡುಹಿಡಿಯಬಹುದು. ಉತ್ತರ ಮೊದಲೇ ಗೊತ್ತಿರುವ ಪ್ರಯೋಗವನ್ನು ರೆಕಾರ್ಡ್ ಪುಸ್ತಕಕ್ಕೆ ನಕಲು ಮಾಡುವುದಕ್ಕಿಂತ ಇದು ಮೇಲು.

ಭಾಷೆಯೂ ಮುಖ್ಯ. ಔರಾದ್, ಭಾಲ್ಕಿ ಗಡಿಭಾಗದಲ್ಲಿ ಕನ್ನಡ, ಮರಾಠಿ, ಉರ್ದು ಮಾಧ್ಯಮಗಳಿಂದ ಬಂದವರು ಪದವಿಯಲ್ಲಿ ಇಂಗ್ಲಿಷ್ ಪಠ್ಯ ಎದುರಿಸುತ್ತಾರೆ. ತರಗತಿಯ ಚರ್ಚೆ ಅವರವರ ಭಾಷೆಯಲ್ಲಿ ನಡೆದರೆ ಪರಿಕಲ್ಪನೆ ಮೊದಲು ಬೇರೂರುತ್ತದೆ, ಪಾರಿಭಾಷಿಕ ಪದ ಅನಂತರ ಕೂಡಿಕೊಳ್ಳುತ್ತದೆ.

371(ಜೆ) ವಿಧಿಯಡಿ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟುಗಳು ಸ್ಥಳೀಯರಿಗೆ ಮೀಸಲಾಗಿವೆ. ಸೀಟು ಪ್ರವೇಶ ಕೊಡಿಸಬಲ್ಲದು, ಅರಿವು ಕೊಡಲಾರದು. ಬದಲಾವಣೆ ಪ್ರಶ್ನೆಪತ್ರಿಕೆಯಿಂದಲೇ ಆರಂಭವಾಗಬೇಕು. ಪರೀಕ್ಷೆ ಬಾಯಿಪಾಠವನ್ನಷ್ಟೇ ಕೇಳುವವರೆಗೆ ತರಗತಿಯೂ ಅದನ್ನೇ ಕಲಿಸುತ್ತದೆ.